ಆರ್ಡಿಸಳ ಠರಾವು

ಏಳು ಹೊಡೆದು ಆಗಲೇ ಸ್ವಲ್ಪ ಹೊತ್ತಾಗಿತ್ತು. ಆರ್ಡಿಸ್ ಬಾಗಿಲಿನ ಕಡೆ ಇನ್ನೊಮ್ಮೆ ನೋಡಿ, ಕಾಫಿ ಪಾತ್ರೆಯ ಮುಚ್ಚಳವನ್ನು ಎತ್ತಿ ಮತ್ತೆ ಮುಚ್ಚಿದಳು. ಚರ್ಚಿನಿಂದ ಕೇಳಿ ತಂದ ಪಾತ್ರೆ ಅದು. ಊರಿಗೆಲ್ಲ ಸಾಲುವಷ್ಟು ಕಾಫಿ ಹಿಡಿಯುತ್ತಿತ್ತು. ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಗಿಡ್ಡ ಕುರ್ಚಿಗಳನ್ನು ಅವಳೇ ಸಾಲಾಗಿ ಹಾಕಿದ್ದಳು. ಒಂದರಲ್ಲೂ ಯಾರೂ ಇರಲಿಲ್ಲ.

ತಿಂಡಿಯ ಮೇಜು ಮಾತ್ರ ತುಂಬಿತ್ತು. ಮಧ್ಯಾಹ್ನದಿಂದ ಒಬ್ಬೊಬ್ಬರೇ ಬಂದು, ಗಾಡಿಯ ಇಂಜಿನ್ನನ್ನೂ ಆರಿಸದೆ, ಮುಚ್ಚಿದ ಟ್ರೇಗಳನ್ನು ಇಟ್ಟುಹೋಗಿದ್ದರು. ಸೇಬಿನ ಕೇಕು, ಕುಂಬಳಕಾಯಿ ಕೇಕು, ಆಲೂಗಡ್ಡೆ ಹಾಕಿ ಬೇಯಿಸಿದ ಮಾಂಸ. ಅದಲುಬದಲಾಗದಿರಲೆಂದು ಪ್ರತಿ ಟ್ರೇಯ ತಳದಲ್ಲೂ ಮನೆಯವರ ಹೆಸರು ಬರೆದು ಅಂಟಿಸಿತ್ತು. "ಬರೋಕಾಗುತ್ತೋ ಇಲ್ವೋ ಆರ್ಡಿಸ್, ಹಸು ಈಯೋದಿದೆ" ಎಂದಿದ್ದಳು ಒಬ್ಬಳು. "ನೀವೆಲ್ಲ ಇರ್ತೀರಲ್ಲ, ಬಿಡಿ" ಎಂದಿದ್ದಳು ಇನ್ನೊಬ್ಬಳು. ಅಯೋವಾದ ಈ ಸೀಮೆಯಲ್ಲಿ ಸಾವಿಗಾಗಲಿ ಸಭೆಗಾಗಲಿ ಟ್ರೇ ಹೋಯಿತೆಂದರೆ ಮನೆಯವರೇ ಹೋಗಿಬಂದ ಹಾಗೆ ಲೆಕ್ಕ.

ದೇಶದ ಅಧ್ಯಕ್ಷರನ್ನು ಆರಿಸುವ ವರ್ಷವಾಗಿದ್ದರೆ ಡೆಮೊಕ್ರಾಟ್ ಪಕ್ಷದ ಈ ಕಾಕಸ್ ಎಂಬ ಊರ ಸಭೆಗೇ ಜನ ಗೋಡೆಗೊರಗಿ ನಿಲ್ಲುತ್ತಿದ್ದರು, ಟೀವಿಯವರೂ ಬರುತ್ತಿದ್ದರು. ನಡುವಿನ ವರ್ಷಗಳಲ್ಲಿ ಅವಳ ಗಂಡ ಲೈಲ್ ಮನೆಮನೆಗೆ ಹೋಗಿ, ಬೈದು, ನಗಿಸಿ, ಹತ್ತಾರು ಜನರನ್ನಾದರೂ ಎಬ್ಬಿಸಿ ತರುತ್ತಿದ್ದ. ಕಳೆದ ಸುಗ್ಗಿಯಲ್ಲಿ ಲೈಲ್ ತೀರಿಕೊಂಡ.

ಅವನು ಬರೆದಿಟ್ಟ ಠರಾವು ಅವಳ ಕೈಯಲ್ಲಿತ್ತು. ಜಿಲ್ಲೆಯ ಆಸ್ಪತ್ರೆಯಲ್ಲಿ ಮುಚ್ಚಿರುವ ಹೆರಿಗೆ ವಿಭಾಗವನ್ನು ಮತ್ತೆ ತೆರೆಯಬೇಕು. ಇಲ್ಲಿ ಒಪ್ಪಿಗೆಯಾದರೆ ಅದು ಜಿಲ್ಲಾ ಸಭೆಗೆ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ. ಆದರೆ ಒಬ್ಬರು ಮಂಡಿಸಿದ್ದನ್ನು ಪಕ್ಷದ ಇನ್ನೊಬ್ಬರು ಅನುಮೋದಿಸಬೇಕು. ಇಲ್ಲೇ ಬಿದ್ದುಹೋದರೆ ಮುಂದಿನ ಕಾಕಸ್‌ವರೆಗೆ ಅದರ ಸೊಲ್ಲಿಲ್ಲ.

ಬಾಗಿಲಲ್ಲಿ ಬೂಟಿನ ಹಿಮ ಕೊಡವುವ ಸದ್ದಾಯಿತು. ಆರ್ಡಿಸ್ ಚಟಕ್ಕನೆ ಎದ್ದಳು. ಬಂದವನು ಡೆಲ್ಬರ್ಟ್. ಇದೇ ಶಾಲೆಯಲ್ಲಿ ಅವಳ ಜೊತೆ ಓದಿದವನು, ಪಕ್ಕದ ಹೊಲದವನು, ಅಪ್ಪನ ಕಾಲದಿಂದಲೂ ರಿಪಬ್ಲಿಕನ್. ಅವರ ಸಭೆ ಎದುರಿನ ಕೋಣೆಯಲ್ಲಿತ್ತು.

"ನಿಮ್ಮ ಡೆಮೊಕ್ರಾಟ್ ಕಾಫಿ ನಮಗೂ ಸಿಗುತ್ತಾ?"

"ಯಾಕೆ, ನಿಮ್ಮ ಕಡೆ ಇಲ್ವಾ?"

"ಕಾಫಿ ಮಾಡೋಕಾದ್ರೂ ಒಬ್ರು ಬರ್ಬೇಕಲ್ಲ. ನಾನು, ಬಾವುಟ, ಇಬ್ರೇ ಮುಖ ಮುಖ ನೋಡ್ಕೊಂಡು ಕೂತಿದ್ವಿ."

ಅವನು ಮೊಣಕಾಲು ಎದೆಗೆ ತಾಗುವಂತೆ ಗಿಡ್ಡ ಕುರ್ಚಿಯಲ್ಲಿ ಕೂತು ಲೋಟ ಹಿಡಿದ. ಬಲಗೈಯ ಎರಡು ಬೆರಳುಗಳನ್ನು ಮೆಕ್ಕೆಜೋಳ ಕೊಯ್ಯುವ ಯಂತ್ರ ಎಂದೋ ತಿಂದಿತ್ತು.

"ಲೈಲ್ ಏನೋ ಬರೆದಿಟ್ಟಿದ್ದನಂತೆ. ಓದು."

"ನಿನ್ನ ಮುಂದೆ ಓದೋದಲ್ಲ ಅದು."

"ಗೊತ್ತು. ಓದು."

ಆ ವಿಭಾಗ ಮುಚ್ಚಲಿ ಎಂದು ಕೈಯೆತ್ತಿದ ಆಸ್ಪತ್ರೆ ಮಂಡಳಿಯಲ್ಲಿ ಅವನೂ ಇದ್ದ. ಆರ್ಡಿಸ್ ಕನ್ನಡಕ ಹಾಕಿಕೊಂಡು ಓದಿದಳು. ಅದರಲ್ಲಿ ಆಸ್ಪತ್ರೆ, ದೂರ, ತಾಯಂದಿರು ಎಂಬ ಮಾತುಗಳಿದ್ದವು. ಕಳೆದ ಮಾರ್ಚಿನ ಹಿಮಗಾಳಿಯಲ್ಲಿ, ಪರವೂರಿನ ಆಸ್ಪತ್ರೆಯ ದಾರಿಯಲ್ಲಿ, ಸೇತುವೆಯ ಬಳಿ ಸಿಕ್ಕಿಬಿದ್ದ ಕಾರಿನಲ್ಲಿ ಹುಟ್ಟಿ ಅಲ್ಲೇ ತಣ್ಣಗಾದ ಅವಳ ಮೊಮ್ಮಗಳು ಅದರಲ್ಲಿ ಇರಲಿಲ್ಲ.

ಡೆಲ್ಬರ್ಟ್ ಲೋಟವನ್ನು ಕೆಳಗಿಟ್ಟ.

"ಮುಚ್ಚೋಕೆ ಮುಂಚೆ ಸಭೆ ಕರೆದಿದ್ವಿ, ಆರ್ಡಿಸ್. ಇದೇ ಶಾಲೇಲಿ. ಬೇಡ ಅನ್ನೋರು ಬಂದು ಹೇಳಿ ಅಂತ ಪೇಪರಲ್ಲೂ ಹಾಕಿಸಿದ್ವಿ. ಕುರ್ಚಿ ಹೀಗೇ ಖಾಲಿ ಇದ್ವು."

"ಆಚೆ ವರ್ಷದ ಸುಗ್ಗಿ ಕಣೋ ಅದು. ಮಳೆ ಬರೋ ಹಾಗಿತ್ತು, ಜೋಳ ಎಲ್ಲ ಹೊಲದಲ್ಲೇ..."

"ತಪ್ಪು ಅಂತ ಅಂದ್ನಾ ನಾನು?" ಅವನು ಮೂಗು ಒರೆಸಿಕೊಂಡ. "ನೀನು ಸೇಬಿನ ಕೇಕು ಕಳಿಸಿದ್ದೆ. ಚೆನ್ನಾಗಿತ್ತು. ತಿಂದ್ವಿ, ಆಮೇಲೆ ಕೈ ಎತ್ತಿದ್ವಿ."

ಆರ್ಡಿಸಳಿಗೆ ನೆನಪಿತ್ತು. ಆ ಟ್ರೇ ಮರುದಿನ ತೊಳೆದು ವಾಪಸು ಬಂದಿತ್ತು. ಒಂದು ಚೂರೂ ಉಳಿದಿಲ್ಲವಲ್ಲ ಎಂದು ಅವಳು ಖುಷಿಪಟ್ಟು ಲೈಲ್‌ಗೆ ಹೇಳಿಯೂ ಇದ್ದಳು. ಈಗ ಅವಳು ಮೇಜಿನ ಮೇಲಿದ್ದ ಟ್ರೇಗಳ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಸುಮ್ಮನೆ ಒರೆಸುತ್ತ ಕೂತಳು.

"ಆ ಕಾಗದ ಇಲ್ಲಿ ಕೊಡು," ಎಂದ ಡೆಲ್ಬರ್ಟ್.

"ಯಾವುದು?"

"ಪಕ್ಷ ಬದಲಾಯಿಸೋರು ಬರ್ಕೊಡ್ತಾರಲ್ಲ, ಅದು."

"ಮತ್ತೆ ನಿಮ್ಮ ಸಭೆ?"

"ಬಾವುಟ ನಡೆಸುತ್ತೆ."

"ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ನೋಡು."

"ಬರ್ಲಿ. ಕುರ್ಚಿ ಖಾಲಿ ಇದೆಯಲ್ಲ."

ಅವನು ಮೂರು ಬೆರಳಲ್ಲಿ ಪೆನ್ನು ಹಿಡಿದು ನಿಧಾನಕ್ಕೆ ಹೆಸರು ಬರೆದ. ಆರ್ಡಿಸ್ ಎದ್ದು ನಿಂತು, ಲೈಲ್ ಮಾಡುತ್ತಿದ್ದ ಹಾಗೆ ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲಿನವರಿಗೂ ಕೇಳಿಸುವಷ್ಟು ದನಿಯಲ್ಲಿ ಠರಾವು ಮಂಡಿಸಿದಳು.

"ಅನುಮೋದಿಸ್ತೀನಿ," ಎಂದ ಡೆಲ್ಬರ್ಟ್.

"ಒಪ್ಪುವವರು ಕೈಯೆತ್ತಿ."

ಅವಳು ಕೈಯೆತ್ತಿದಳು. ಅವನೂ ಎತ್ತಿದ. ಆಗ ಹೊರಗೆ ಯಾವುದೋ ಗಾಡಿಯ ಬೆಳಕು ಕಿಟಕಿಯಿಂದ ಬಂದು ಸೂರಿನ ಮೇಲೆ ಹರಿಯಿತು. ಇಬ್ಬರೂ ಬಾಗಿಲಿನತ್ತ ತಿರುಗಿದರು. ಬೆಳಕು ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ದಾಟಿಕೊಂಡು ಹೋಗಿಯೇಬಿಟ್ಟಿತು.

ವಿರೋಧಿಸುವವರು ಇದ್ದಾರೆಯೇ ಎಂದು ಅವಳು ಕೇಳಬೇಕಿತ್ತು, ಕೇಳಿದಳು. ಕಾಫಿ ಪಾತ್ರೆ ಮಾತ್ರ ಗುಳುಗುಳು ಎನ್ನುತ್ತಿತ್ತು. ಅವಳು ಕೈ ಇಳಿಸಿ ಕಾಗದದ ಮೇಲೆ ಗುರುತು ಹಾಕಿಕೊಂಡಳು. ತಲೆಯೆತ್ತಿದಾಗ ಡೆಲ್ಬರ್ಟ್ ಆ ಗಿಡ್ಡ ಕುರ್ಚಿಯಲ್ಲಿ ಹಾಗೇ ಕೂತಿದ್ದ. ಅಂದು ಮುಚ್ಚಲಿ ಎಂದು ಎತ್ತಿದ್ದ ಮೂರು ಬೆರಳಿನ ಕೈ ಇನ್ನೂ ಮೇಲೇ ಇತ್ತು.