ಚಪ್ಪಲಿಹೂವಿನ ತೂತು

ಗಂಡ ಆರ್ನೆಯ ಅಂತ್ಯಕ್ರಿಯೆ ಮುಗಿದ ಮರುದಿನ ಬ್ರಿಟಾ ಎದ್ದಾಗ, ಅಡುಗೆಮನೆಯಲ್ಲಿ ಅತ್ತೆ ವಿವಿಯನ್ ಆಗಲೇ ಪಾತ್ರೆ ತೊಳೆಯುತ್ತಿದ್ದಳು. ಚರ್ಚಿನ ಹೆಂಗಸರು ಬೇಯಿಸಿ ತಂದುಕೊಟ್ಟ ಊಟದ ತಟ್ಟೆಗಳು, ಅವರ ಮಾತಿನಲ್ಲಿ ಹಾಟ್‌ಡಿಶ್‌ಗಳು, ಫ್ರಿಜ್ಜಿನಲ್ಲಿ ಹಿಡಿಯದೆ ಕಟ್ಟೆಯ ಮೇಲೂ ಕುಳಿತಿದ್ದವು. ಊಟದ ಮೇಜಿನ ತುಂಬ ಅಂಗಡಿಯ ಲಿಲ್ಲಿ ಹೂಗಳು. ಒಂದರಲ್ಲೂ ಒಂದು ಕಲೆಯಿಲ್ಲ. ಅವುಗಳ ವಾಸನೆಗೆ ಕಿಟಕಿ ತೆರೆಯೋಣವೆಂದರೆ, ಸೊಳ್ಳೆ ಬರುತ್ತವೆಂದು ವಿವಿಯನ್ ಬಿಡಲಿಲ್ಲ.

"ತಿನ್ನು ಮಗಳೇ. ನಾನಿಲ್ಲೇ ಇರ್ತೀನಿ, ಎಲ್ಲಿಗೂ ಹೋಗಲ್ಲ."

ಬ್ರಿಟಾಳಿಗೆ ಹೆದರಿಕೆಯಿದ್ದದ್ದೇ ಅದರದು. ಆರ್ನೆಗೆ ಮೂವತ್ತೊಂದು ವರ್ಷ. ರಸ್ತೆಯಲ್ಲಿ ಅವನ ಕಾರಿಗೆ ಜಿಂಕೆ ಅಡ್ಡ ಬಂದಿತ್ತು.

ಹತ್ತು ಗಂಟೆಗೆ ಓರ್ವಿಲ್ ಬಂದ. ಊರಿನ ಕ್ಯಾಮೆರಾ ಕ್ಲಬ್ಬಿನ ಕಾರ್ಯದರ್ಶಿ, ಎಪ್ಪತ್ತು ದಾಟಿದವನು. ಆರ್ನೆಗೆ ಹೂವಿನ ಫೋಟೋ ಕಲಿಸಿದವನು. ಕಂಕುಳಲ್ಲಿ ಚೌಕಟ್ಟು ಹಾಕಿದ ಚಿತ್ರವಿತ್ತು.

"ಕಾಫಿ?" ಎಂದಳು ವಿವಿಯನ್.

"ಬೇಡ, ಈಗಷ್ಟೇ ಆಯ್ತು."

"ಅರ್ಧ ಲೋಟ?"

"ಸುಮ್ನೆ ಯಾಕೆ ತೊಂದ್ರೆ ನಿಂಗೆ."

"ಮಾಡಿಟ್ಟಿದ್ದೀನಲ್ಲ, ಚೆಲ್ಬೇಕಾ?"

"ಹಂಗಾದ್ರೆ ತಳ ಮುಚ್ಚೋಷ್ಟು ಹಾಕು."

ವಿವಿಯನ್ ಲೋಟದ ತುಂಬ ಸುರಿದಳು.

ಓರ್ವಿಲ್ ಚಿತ್ರವನ್ನು ಲಿಲ್ಲಿಗಳಿಗೆ ಒರಗಿಸಿ ನಿಲ್ಲಿಸಿದ. ಆರ್ನೆ ಜೂನ್‌ನಲ್ಲಿ ಜೌಗುನೆಲದಲ್ಲಿ ತೆಗೆದ ಚಪ್ಪಲಿಹೂ, ಚಪ್ಪಲಿಯ ಮೂತಿಯಂಥ ಕಾಡು ಆರ್ಕಿಡ್. ಗುಲಾಬಿ ಬಣ್ಣದ ಪುಟ್ಟ ಚೀಲ, ಚಿತ್ರದಲ್ಲಿ ತಲೆದಿಂಬಿನಷ್ಟು ದೊಡ್ಡದಾಗಿ.

"ಶನಿವಾರ ಲೈಬ್ರರೀಲಿ ನಮ್ಮ ಪ್ರದರ್ಶನ. ಮೊದಲ್ನೇ ಗೋಡೇಲಿ ಇದೇ. ಕೆಳಗೆ ಅವನ ಹೆಸರು." ದನಿ ತಗ್ಗಿಸಿದ. "ಒಂದು ತೂತಿತ್ತು, ಬಸವನಹುಳ ತಿಂದಿದ್ದು. ಅಂಚೂ ಕಂದಿತ್ತು. ಕಂಪ್ಯೂಟರಲ್ಲಿ ಕೂತು ಎಲ್ಲಾ ಸರಿಮಾಡ್ದೆ. ಮೂರು ಸಂಜೆ ಹಿಡೀತು."

ವಿವಿಯನ್ ಕಣ್ಣೊರೆಸಿಕೊಂಡಳು. "ನನ್ ಮಗನ ಹೂ. ಎಷ್ಟು ನೀಟಾಗಿದೆ ನೋಡು."

ಬ್ರಿಟಾ ನೋಡಿದಳು. ಆ ತೂತಿಗಾಗಿಯೇ ಆರ್ನೆ ಎರಡು ಗಂಟೆ ಒದ್ದೆ ಪಾಚಿಯ ಮೇಲೆ ಬೋರಲು ಮಲಗಿದ್ದ. ತೂತಿನಿಂದ ಬಿಸಿಲು ಇಳಿದು ಚೀಲದೊಳಗೆ ಅಕ್ಕಿಕಾಳಿನಷ್ಟು ಬೆಳಕು ಬಿದ್ದಿತ್ತು. ಮನೆಗೆ ಬಂದು, "ಓರ್ವಿಲ್ ಆಗಿದ್ರೆ ಇದಕ್ಕೂ ಕ್ಷೌರ ಮಾಡಿಸ್ತಿದ್ದ" ಎಂದು ನಕ್ಕಿದ್ದ. ಈಗ ತೂತು ಮುಚ್ಚಿತ್ತು. ಒಳಗಿನ ಬೆಳಕು ಮಾತ್ರ ಹಾಗೇ ಉಳಿದಿತ್ತು. ಶನಿವಾರ ಊರೆಲ್ಲ ಬಂದು ನೋಡುವುದು ಇದನ್ನು. ಅವನು ತೆಗೆದದ್ದನ್ನು ಯಾರೂ ನೋಡುವುದಿಲ್ಲ.

"ಇದು ಬೇಡ, ಓರ್ವಿಲ್," ಎಂದಳು.

"ನಂಗೇನೂ ಕಷ್ಟ ಆಗ್ಲಿಲ್ಲ ಬಿಡು."

"ಬೇಡ."

"ಸಂಕೋಚ ಅವಳಿಗೆ," ಎಂದಳು ವಿವಿಯನ್. "ನೀನು ತಗೊಂಡ್ಹೋಗಿ ಹಾಕು."

ಇಬ್ಬರೂ ಅವಳ ಮುಖ ನೋಡುತ್ತ ಕಾದರು. ಉತ್ತರ ಮಿನ್ನೆಸೋಟದ ಆ ಊರಿನಲ್ಲಿ ಮೊದಲ ಎರಡು ಬೇಡಗಳು ಬರೀ ಮರ್ಯಾದೆಗೆ. ಮೂರನೆಯ ಸಲ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಶವಪೆಟ್ಟಿಗೆಯ ಬಣ್ಣ, ಚರ್ಚಿನ ಹಾಡುಗಳು, ಅತ್ತೆ ಇಲ್ಲೇ ಉಳಿಯುವುದು, ಈ ವಾರವೆಲ್ಲ ಬ್ರಿಟಾ ಒಪ್ಪಿಕೊಂಡದ್ದು ಹಾಗೆಯೇ.

"ಬೇಡ," ಎಂದಳು. "ತೂತಿರೋದನ್ನೇ ಹಾಕಿ. ಇಲ್ಲಾಂದ್ರೆ ಏನೂ ಹಾಕ್ಬೇಡಿ."

ಓರ್ವಿಲ್ ಕಾಫಿ ಕೆಳಗಿಟ್ಟ. "ಹುಳ ತಿಂದಿದ್ದನ್ನ ಗೋಡೆಗೆ ಹಾಕಿದ್ರೆ ಜನ ಏನಂತಾರೆ? ಕಲಿಸಿದವನು ನಾನು."

"ಒಳಗೆ ಬೆಳಕು ಬಿದ್ದಿದೆ ನೋಡಿ. ಅದು ಎಲ್ಲಿಂದ ಬಂತು?"

ಓರ್ವಿಲ್ ಕನ್ನಡಕ ಹಣೆಗೇರಿಸಿ, ಚಿತ್ರಕ್ಕೆ ಮೂಗು ತಾಗುವಷ್ಟು ಬಾಗಿದ. ಬೆಳಕಿನ ಕಾಳನ್ನು ಬೆರಳಿನಿಂದ ಮುಟ್ಟಿದ.

"ಮೂರು ಸಂಜೆ ಕೂತಿದ್ದೆ," ಎಂದ ಕಡೆಗೆ. "ಇದನ್ನ ನೋಡ್ಲೇ ಇಲ್ಲ." ಚೌಕಟ್ಟನ್ನು ಮತ್ತೆ ಕಂಕುಳಿಗೆ ಸೇರಿಸಿದ. "ಹಳೇದು ನನ್ ಹತ್ರ ಇದೆ. ಅದನ್ನೇ ಹಾಕ್ತೀನಿ."

ವಿವಿಯನ್ ಸಿಂಕಿನ ಕಡೆ ತಿರುಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಇನ್ನು ದಿನವಿಡೀ ಅವಳು ಮಾತಾಡುವುದಿಲ್ಲ, ಹೋಗುವುದೂ ಇಲ್ಲ.

ಬ್ರಿಟಾ ಒಳಗೆ ಹೋದಳು. ಹೂಗಳನ್ನು ಹತ್ತಿರದಿಂದ ತೆಗೆಯಲು ಆರ್ನೆ ಮೇ ತಿಂಗಳಲ್ಲಿ ಓರ್ವಿಲ್‌ನಿಂದ ಎರವಲು ತಂದಿದ್ದ ಲೆನ್ಸು ಇನ್ನೂ ಕ್ಯಾಮೆರಾದಲ್ಲೇ ಇತ್ತು. ತಿರುಗಿಸಿ ಬಿಚ್ಚಿದಳು. ಅಂಚಿನಲ್ಲಿ ಜೌಗಿನ ಕೆಸರು ಒಣಗಿತ್ತು. ತಂದು ಓರ್ವಿಲ್‌ನ ಕೈಯಲ್ಲಿಟ್ಟಳು.

"ಅವಸರ ಏನಿತ್ತು. ನೀನೇ ಇಟ್ಕೋ, ಬೇಕಾದ್ರೆ."

"ಬೇಡ."

ಓರ್ವಿಲ್ ಇನ್ನೊಮ್ಮೆ ಕೇಳಲಿಲ್ಲ.