ಮಹಡಿಯಕ್ಕನ ಮನೆ ವಿಳಾಸ

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮಹಡಿಯಕ್ಕನ ಮನೆ ಯಾವುದು ಎಂದು ಕೇಳಿದರೆ ಬೀದಿನಾಯಿಯೂ ದಾರಿ ತೋರಿಸುತ್ತಿತ್ತು. ಕೆಳಗೆ ಅವಳ ಅಡುಗೆಮನೆ, ಮೇಲೆ ಸಾಲಾಗಿ ಚಾಪೆ ಹಾಸಿದ ಕೋಣೆಗಳು. ಕಡಲತೀರದ ಅವಳ ತವರೂರಿನಿಂದ ಯಾರೇ ಹೊಟ್ಟೆ ಹಿಡಿದುಕೊಂಡು ಬಂದರೂ ಮೊದಲು ಅವಳ ಮೆಟ್ಟಿಲು ಹತ್ತುವುದು, ಆಮೇಲೆ ಆಸ್ಪತ್ರೆಯದು. ಬಂದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಒಂದೇ: "ಕೌಂಟರಲ್ಲಿ ಯಾವೂರು ಅಂತ ಕೇಳ್ತಾರೆ. ನಮ್ಮೂರಿನ ಹೆಸರೆತ್ತಬೇಡಿ. ನನ್ನ ಮನೆ ವಿಳಾಸ ಹೇಳಿ."

ಅದಕ್ಕೆ ಕಾರಣವಿತ್ತು. ನಗರದವರಿಗೆ ಆಪರೇಷನ್ನಿಗೆ ಬೇಗ ದಿನ ಸಿಗುತ್ತಿತ್ತು. ಹೊರಗಿನವರು ಮಾತ್ರ ತಮ್ಮೂರ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿದ ಚೀಟಿ ತರಬೇಕು. ಆ ಊರ ಆಸ್ಪತ್ರೆಯಲ್ಲೋ, ಕ್ಯಾಮೆರಾವೇ ಇಲ್ಲ. ಇಲ್ಲದ ಯಂತ್ರದ ಚೀಟಿ ಎಲ್ಲಿಂದ ತರುವುದು ಎಂದು ನಿಯಮ ಮಾಡಿದ ಮಹಾನುಭಾವರು ಯೋಚಿಸಿರಲಿಲ್ಲ. ಯೋಚಿಸುವ ಕೆಲಸವನ್ನು ಮಹಡಿಯಕ್ಕನೇ ಮಾಡಿದ್ದಳು.

ಈಗ ಮಹಡಿಯ ಕೊನೆಯ ಕೋಣೆಯಲ್ಲಿ ಅವಳ ಒಡಹುಟ್ಟಿದ ತಮ್ಮನೇ ಮಲಗಿದ್ದ. ಮೀನಿಗೆ ಹೊಗೆ ಹಾಕುವ ಶೆಡ್ಡಿನಲ್ಲಿ ತಲೆ ನರೆಯುವವರೆಗೂ ದುಡಿದವನು, ಊರಿಗೆಲ್ಲ ಹೊಗೆಯಣ್ಣ. ಗುರುವಾರ ಅವನ ಆಪರೇಷನ್ನು. ಇನ್ನು ತಡಮಾಡಬೇಡಿ ಎಂದು ಡಾಕ್ಟರು ಅಕ್ಕನಿಗೆ ಒತ್ತಿ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದವಳು ಆರೋಗ್ಯ ಇಲಾಖೆಯ ಅಧಿಕಾರಿ. ಕೈಗೆ ಗ್ಲೌಸು, ಹೆಗಲಲ್ಲಿ ಬಾಟಲಿಗಳ ಪೆಟ್ಟಿಗೆ. ನಲ್ಲಿ ನೀರು ಹಿಡಿದಳು, ತೊಟ್ಟಿ ನೀರು ಹಿಡಿದಳು, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿಯೂ ನೋಡಿದಳು.

"ಏನಮ್ಮಾ, ಕದ್ದ ಮಾಲು ಏನಾದ್ರೂ ಹುಡುಕ್ತಿದ್ದೀರಾ?" ಎಂದಳು ಮಹಡಿಯಕ್ಕ.

"ಹೊಟ್ಟೆ ಕ್ಯಾನ್ಸರಲ್ಲಿ ನಿಮ್ಮ ಬೀದಿ ದೇಶಕ್ಕೇ ಮೊದಲು, ಗೊತ್ತಾ? ಅದರಲ್ಲೂ ನಿಮ್ಮ ಮನೆ! ಒಂದೇ ವಿಳಾಸಕ್ಕೆ ಅಷ್ಟೊಂದು ರೋಗಿಗಳ ಹೆಸರು ನೋಡಿ ಇದು ದೊಡ್ಡ ಅಪಾರ್ಟ್‌ಮೆಂಟು ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಒಂದು ಮಹಡಿ, ಒಂದು ನಲ್ಲಿ."

ಬಾಗಿಲಲ್ಲಿ ಇಣುಕಿದ ಪಕ್ಕದ ಕ್ಷೌರದಂಗಡಿಯವನು, "ಅದಕ್ಕೇ ನನ್ನ ಅಂಗಡಿಗೆ ಗಿರಾಕಿ ಬರ್ತಿಲ್ಲ," ಎಂದ. ಅವನ ಕತ್ತರಿ ಹರಿತವಿಲ್ಲದೆ ಗಿರಾಕಿಗಳು ಓಡಿಹೋದದ್ದು ಬೀದಿಗೆಲ್ಲ ಗೊತ್ತಿತ್ತು.

ಅಧಿಕಾರಿ ಟ್ಯಾಬು ತೆರೆದು ದೇಶದ ನಕ್ಷೆ ತೋರಿಸಿದಳು. ಒಂದೇ ದೇಶ, ಆದರೆ ಒಂದು ಮೂಲೆಯಲ್ಲಿ ಈ ಕಾಯಿಲೆ ಹೆಚ್ಚು, ಇನ್ನೊಂದು ಮೂಲೆಯಲ್ಲಿ ಕಡಿಮೆ. ಹೆಚ್ಚಿದ್ದಲ್ಲಿ ಕಡುಗೆಂಪು, ಇಲ್ಲದಲ್ಲಿ ಬಿಳಿ. ನಗರದ ನಡುವೆ ಮಹಡಿಯಕ್ಕನ ಬೀದಿ ರಕ್ತದ ಬೊಟ್ಟಿನಂತೆ ಕೂತಿತ್ತು.

"ಈ ಕಡಲತೀರ ಯಾಕೆ ಬೆಳ್ಳಗಿದೆ?" ಎಂದಳು ಮಹಡಿಯಕ್ಕ.

"ಅಲ್ಲಿ ಈ ಕಾಯಿಲೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಪುಣ್ಯವಂತರು. ಅದಕ್ಕೇ ಈ ಸಲವೂ ಅಲ್ಲಿಗೆ ಕ್ಯಾಮೆರಾ ಮಂಜೂರಾಗಲಿಲ್ಲ."

ಮಹಡಿಯಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಅವಳ ಅಪ್ಪ ಹೋದದ್ದು ಹೊಟ್ಟೆಯಿಂದ, ಚಿಕ್ಕಪ್ಪ ಹೋದದ್ದು ಹೊಟ್ಟೆಯಿಂದ, ಮೀನಿಗೆ ಉಪ್ಪು ತುಂಬುತ್ತಿದ್ದ ಎದುರುಮನೆ ಅತ್ತೆ ನೀರೂ ಇಳಿಯದೆ ಹೋದಳು. ಪುಣ್ಯವಂತರಂತೆ! ನಗುನಗುತ್ತಲೇ ಅವಳ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಅಧಿಕಾರಿ, "ಈ ರೋಗಿಗಳೆಲ್ಲ ನಿಜವಾಗ್ಲೂ ಈ ಮನೇಲೇ ಇದ್ದೋರಾ?" ಎಂದು ನೇರವಾಗಿ ಕೇಳಿದಳು.

ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ಮಹಡಿಯಕ್ಕ ನುಂಗಿದಳು. ಗುರುವಾರಕ್ಕೆ ಇನ್ನು ಮೂರೇ ದಿನ.

"ಹೂಂ. ಇಲ್ಲೇ ಇದ್ದೋರು."

ಅಧಿಕಾರಿ ತನ್ನ ನಂಬರು ಕೊಟ್ಟು, ನೀರಿನ ಬಾಟಲಿಗಳನ್ನು ಹೊತ್ತುಕೊಂಡು ಹೋದಳು. ಮಹಡಿಯಕ್ಕ ಒಲೆ ಮುಂದೆ ಕುಕ್ಕರುಬಡಿದಳು. ಎಲ್ಲರಿಗೂ ತನ್ನ ವಿಳಾಸ ಹೇಳಿಕೊಟ್ಟು ನಕ್ಷೆಯಲ್ಲಿ ತವರೂರಿಗೆ ಸುಣ್ಣ ಬಳಿದದ್ದು ಬೇರೆ ಯಾರೂ ಅಲ್ಲ, ತಾನೇ.

ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದಾಗ ತಮ್ಮ ಗೋಡೆಗೊರಗಿ ಕೂತಿದ್ದ. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಸುಳ್ಳು ಹೇಳೋದ್ರಲ್ಲಿ ನೀನು ಪಳಗಿದ್ದೀಯ ಕಣೇ ಅಕ್ಕ. ಚಿಕ್ಕವರಿದ್ದಾಗ ಪ್ರತಿ ಸಲ ಸಿಕ್ಕಿಬೀಳ್ತಿದ್ದೋಳು."

"ಬಾಯಿ ಮುಚ್ಕೊಂಡು ಗಂಜಿ ಕುಡಿ."

"ಬಾಯಿ ಮುಚ್ಕೊಂಡು ಕುಡಿಯೋದು ಹೆಂಗೆ, ತೋರಿಸು." ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಊರಲ್ಲಿರೋ ನನ್ನ ಮಗಳಿಗೂ ಉಂಡ ಮೇಲೆ ಎದೆ ಕೆಳಗೆ ಉರಿಯುತ್ತಂತೆ. ನಂಗೂ ಹಂಗೇ ಶುರುವಾಗಿದ್ದು. ಅಲ್ಲಿ ಕ್ಯಾಮೆರಾ ಇದ್ದಿದ್ರೆ ಈಗ್ಲೇ ನೋಡಿಸಬಹುದಿತ್ತು. ನಾಳೆ ಅವಳೂ ಕೈಮೀರಿದ ಮೇಲೆ ಬಂದು ಇದೇ ಚಾಪೆ ಮೇಲೆ ಮಲಗ್ಬೇಕಾ?"

"ಗುರುವಾರ ಒಂದು ಮುಗೀಲಿ ಕಣೋ. ಆಮೇಲೆ ನಾನೇ ಹೋಗಿ ನಿಜ ಹೇಳ್ತೀನಿ."

"ನನ್ನ ಗುರುವಾರ ಮುಗಿದ್ರೆ ಪಕ್ಕದ ಕೋಣೆಯವನ ಶುಕ್ರವಾರ ಬರುತ್ತೆ. ಈ ಮಹಡಿ ಯಾವತ್ತಾದ್ರೂ ಖಾಲಿ ಇತ್ತಾ?"

"ಊರು ಹಾಳಾಗಿ ಹೋಗ್ಲಿ! ನಂಗೆ ನೀನು ಬೇಕು." ಮಹಡಿಯಕ್ಕ ಬಿಕ್ಕಿಬಿಕ್ಕಿ ಅತ್ತಳು. ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು.

ತಮ್ಮ ಅವಳ ಕೈ ಹಿಡಿದುಕೊಂಡ. ಅವನ ಕೈಯಲ್ಲಿ ಈಗ ಮೂಳೆಯಷ್ಟೇ ಉಳಿದಿತ್ತು, ಹಿಡಿತ ಮಾತ್ರ ಸಡಿಲವಾಗಿರಲಿಲ್ಲ. "ಸತ್ರೂ ನಿನ್ನ ಮನೆ ಲೆಕ್ಕಕ್ಕೆ ಸಾಯ್ಬೇಕಾ ನಾನು? ನನ್ನನ್ನ ತಿಂದಿದ್ದು ನಿನ್ನ ನಲ್ಲಿ ನೀರಲ್ಲ. ನಾನು ಆ ಊರಿನೋನು ಅಂತ ಬರೀಲಿ. ದಿನ ಹೋದ್ರೆ ಹೋಗ್ಲಿ, ಜಗಳ ಆಡಿ ತಗೊಳ್ಳೋಣ. ಜಗಳಕ್ಕೆ ನೀನಿದ್ದೀಯಲ್ಲ."

ಕೊನೆಯ ಮಾತು ಕೇಳಿ ಮಹಡಿಯಕ್ಕ ಕಣ್ಣೊರೆಸಿಕೊಂಡಳು.

ಆ ರಾತ್ರಿ ಕೋಣೆಯಿಂದ ಕೋಣೆಗೆ ಇದೇ ಮಾತು ಹರಿದಾಡಿ, ಎಲ್ಲರೂ ಒಪ್ಪಿದರು. ಮರುದಿನ ಇಡೀ ಮಹಡಿಯೇ ಕೆಳಗಿಳಿಯಿತು. ನಡೆಯಲಾರದವರನ್ನು ನಡೆಯಬಲ್ಲವರು ಹಿಡಿದುಕೊಂಡರು. ಮುಂದೆ ಮಹಡಿಯಕ್ಕ, ಅವಳ ತೋಳಿಗೆ ಆತುಕೊಂಡು ಹೊಗೆಯಣ್ಣ. ಫೋನು ಮಾಡಿ ಕರೆಸಿದ್ದ ಅಧಿಕಾರಿ ಕೌಂಟರಿನ ಹತ್ತಿರ ಕಾಯುತ್ತಿದ್ದಳು.

"ವಿಳಾಸ ತಪ್ಪಾಗಿದೆ, ಸರಿ ಮಾಡಿ. ನಮ್ಮೂರು ಬರ್ಕೊಳ್ಳಿ," ಎಂದ ತಮ್ಮ.

ಕೌಂಟರಿನ ಗುಮಾಸ್ತ ತಲೆ ಎತ್ತಿದ. "ಯೋಚನೆ ಮಾಡಿ ಹೇಳ್ತಿದ್ದೀರಾ? ಹೊರಗಿನ ವಿಳಾಸ ಹಾಕಿದ ತಕ್ಷಣ ಕಂಪ್ಯೂಟರು ದಿನ ತೆಗೆದುಹಾಕುತ್ತೆ. ನನ್ನ ಕೈಲಿ ಏನೂ ಇಲ್ಲ."

ತಮ್ಮ ಅಕ್ಕನ ಕಡೆ ನೋಡಿದ. ಅವಳ ದನಿ ಗಟ್ಟಿಯಾಗಿಯೇ ಹೊರಟಿತು. "ತೆಗೆದುಹಾಕಲಿ. ಬರೀರಿ."

ಒಬ್ಬರಾದ ಮೇಲೆ ಒಬ್ಬರು ಊರು ಹೇಳಿದರು. ಒಬ್ಬರಾದ ಮೇಲೆ ಒಬ್ಬರ ದಿನ ಪರದೆಯಿಂದ ಮಾಯವಾಯಿತು. ಅಧಿಕಾರಿ ಟ್ಯಾಬನ್ನು ಎದೆಗೆ ಅವುಚಿಕೊಂಡು ನೋಡುತ್ತ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಮಹಡಿಯಕ್ಕ ಕೌಂಟರಿನ ಎದುರು ನೆಲದ ಮೇಲೆ ಚಾಪೆ ಬಿಡಿಸಿದಳು. ತಮ್ಮನನ್ನು ಕೂರಿಸಿದಳು, ತಾನೂ ಕೂತಳು. ಉಳಿದವರೂ ಸುತ್ತ ಕೂತರು, ಕೂರಲಾರದವರು ಮಲಗಿದರು.

"ಅಮ್ಮಾ, ಇಲ್ಲಿ ಕೂರೋ ಹಂಗಿಲ್ಲ," ಎಂದ ಗುಮಾಸ್ತ.

"ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ದಿನ ಕೊಟ್ರಿ. ಈಗ ನಿಜ ಹೇಳಿದ್ದೀವಿ. ನಿಜಕ್ಕೂ ಒಂದು ದಿನ ಕೊಡಿ. ಅಲ್ಲೀವರೆಗೂ ಜಪ್ಪಯ್ಯ ಅಂದ್ರೂ ಏಳಲ್ಲ."

ಸೆಕ್ಯುರಿಟಿಯವನು ಬಂದ, ಮಲಗಿದ್ದವರನ್ನು ನೋಡಿ ಎತ್ತುವ ಧೈರ್ಯವಾಗದೆ ಹಿಂದೆ ಸರಿದ. ಸೂಪರಿಂಟೆಂಡೆಂಟು ಬಂದು ಗದರಿದರು. ಆಗ ಅಧಿಕಾರಿ ಬಾಯಿಬಿಟ್ಟಳು: "ಸರ್, ಯಾವ ಕಾಯಿಲೆ ಹುಡುಕ್ಕೊಂಡು ನಾನು ನಲ್ಲಿ ನೀರು ಹಿಡೀತಿದ್ನೋ ಅದು ಇಲ್ಲಿ ಚಾಪೆ ಮೇಲೆ ಕೂತಿದೆ. ಇವರನ್ನ ಎಬ್ಬಿಸಿದ್ರೆ ನಾನು ಹಾಗಂತಲೇ ವರದಿ ಬರೀತೀನಿ."

ಸಂಜೆಯ ಹೊತ್ತಿಗೆ ಚೀಟಿಯ ನಿಯಮ ಪಕ್ಕಕ್ಕೆ ಸರಿಯಿತು, ಎಲ್ಲರಿಗೂ ದಿನ ಸಿಕ್ಕಿತು. ಹೊಗೆಯಣ್ಣನದು ಮಾತ್ರ ಆ ಗುರುವಾರ ಅಲ್ಲ, ಮುಂದಿನದೂ ಅಲ್ಲ, ಅದರ ಆಚೆಯದು. ಆಪರೇಷನ್ನು ಮುಗಿದ ಮೇಲೆ, ಆ ತಡದಿಂದ ಏನು ಕಳೆದುಹೋಯಿತು ಎಂದು ಮಹಡಿಯಕ್ಕ ಡಾಕ್ಟರನ್ನು ಕೇಳಿದಳು. ಇನ್ನು ಮುಂದೆ ಸ್ವಲ್ಪ ಸ್ವಲ್ಪವೇ ಊಟ ಕೊಡಿ ಎಂದಷ್ಟೇ ಡಾಕ್ಟರು ಹೇಳಿದರು. ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿದ್ದರು.

ಹೊಸ ನಕ್ಷೆಯನ್ನು ಅಧಿಕಾರಿಯೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ತಂದಳು. ಬೀದಿ ಬೆಳ್ಳಗಾಗಿತ್ತು. ಕ್ಷೌರದಂಗಡಿಯವನಿಗೆ ಗಿರಾಕಿ ಹೆಚ್ಚಲಿಲ್ಲ. ಕಡಲತೀರ ಮಾತ್ರ ಉದ್ದಕ್ಕೂ ಕಡುಗೆಂಪು. ಹಿಡಿ ಅನ್ನವನ್ನು ಮೂರು ಸಲಕ್ಕೆ ಹಂಚಿಕೊಂಡು ಉಣ್ಣುತ್ತಿದ್ದ ಹೊಗೆಯಣ್ಣ ತಟ್ಟೆ ಪಕ್ಕಕ್ಕಿಟ್ಟು, ಆ ಕೆಂಪಿನ ಮೇಲೆ ಬೆರಳಿಟ್ಟ.

"ಅಕ್ಕಾ, ಇಲ್ಲಿ ನೋಡು. ಇದು ನಾನು."

ಮಹಡಿಯಕ್ಕ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಚಪ್ಪಲಿ ಮೆಟ್ಟಿದಳು. ಕ್ಯಾಮೆರಾ ಮಂಜೂರು ಮಾಡುವ ಕಚೇರಿ ಎಲ್ಲಿದೆ ಎಂದು ಅಧಿಕಾರಿಯನ್ನು ಕೇಳಿ ತಿಳಿದುಕೊಂಡಳು.

"ಈಗ ಇಲ್ಲ ಅನ್ನಲಿ, ನೋಡ್ತೀನಿ."