ಹಾಡಹಗಲಲ್ಲಿ ಮಂಕಾದ ಫಲಕ

ನಾನು ಒಂದು ಹೆದ್ದಾರಿ ಫಲಕ. 'ಮುಂದೆ ಅಪಘಾತ, ನಿಧಾನವಾಗಿ ಚಲಿಸಿ' ಎಂದು ದೀಪದ ಅಕ್ಷರಗಳಲ್ಲಿ ಹೇಳುವ, ನೀವು ಓದಿಯೂ ವೇಗ ಇಳಿಸದ ಜಾತಿಯವನು. ನಿಮ್ಮ ಮೇಲೆ ನನಗೆ ಎಳ್ಳುಕಾಳಿನಷ್ಟೂ ಗೌರವವಿಲ್ಲ. ಯಾಕೆಂದು ಹೇಳುತ್ತೇನೆ.

ಹುಟ್ಟಿದ್ದು ಪೀಣ್ಯದ ತಗಡಿನ ಶೆಡ್ಡಿನಲ್ಲಿ. ಮೈತುಂಬ ಸಾವಿರಾರು ದೀಪದ ಕಾಳು, ನೆತ್ತಿಯ ಮೇಲೆ ಬಟಾಣಿ ಗಾತ್ರದ ಒಂದೇ ಕಣ್ಣು. ಆ ಕಣ್ಣು ಬಿಸಿಲು ಕಂಡರೆ ನಾನು ಉರಿದು ಬೆಳಗಬೇಕು, ಕತ್ತಲೆ ಕಂಡರೆ ತಗ್ಗಬೇಕು. ನನ್ನ ಧಣಿ ವಿರೂಪಾಕ್ಷಯ್ಯ ಮಾತಿಗೊಮ್ಮೆ 'ಆಕ್ಚುಲೀ' ಅನ್ನುತ್ತಿದ್ದರು. ಅದರ ಹಿಂದೆ ಬರುವ ಮಾತು ಎಂದೂ ನಿಜವಾಗಿರುತ್ತಿರಲಿಲ್ಲ. ಹೆದ್ದಾರಿಯವರು ಕೊಟ್ಟ ಹನ್ನೆರಡು ಫಲಕಗಳ ಆರ್ಡರಿಗೆ ನಾನೇ ಮಾದರಿ. ನಾನು ಪರೀಕ್ಷೆಯಲ್ಲಿ ಪಾಸಾದರೆ ನನ್ನ ಹನ್ನೊಂದು ತಮ್ಮಂದಿರೂ ರಸ್ತೆಗೆ.

ಹೊರಡುವ ದಿನ ಪೂಜೆ. ಕಾಯಿ ಒಡೆದರು, ಲಾರಿ ಚಕ್ರದಡಿ ನಿಂಬೆಹಣ್ಣು ಇಟ್ಟರು. "ಕುಂಕುಮ ಮುಖಕ್ಕೆ ಬೇಡ್ರಪ್ಪ, ಅಕ್ಷರ ಮುಚ್ಚುತ್ತೆ. ನೆತ್ತಿಗೆ ಇಡಿ" ಎಂದರು ಧಣಿ. ಬುದ್ಧಿವಂತರು. ನೆತ್ತಿಯಲ್ಲಿ ಬೊಟ್ಟಿಗೆ ಲಾಯಕ್ಕಾಗಿ ಕಂಡದ್ದು ನನ್ನ ಕಣ್ಣು. ಗಂಧ, ಕುಂಕುಮ, ಮೇಲೊಂದಿಷ್ಟು ಅಕ್ಷತೆ. ಭಕ್ತಿಯಿಂದ ಕುರುಡು ಮಾಡಿ ಕಳಿಸಿದರು.

ಪರೀಕ್ಷಾಲಯದಲ್ಲಿ ನನ್ನನ್ನು ಅಳೆದವಳು ಜುಬೇದಾ, ಹೊಸ ಇಂಜಿನಿಯರ್. ಅವಳ ಕೆಲಸ ಖಾಯಂ ಆಗಲು ಇನ್ನೆರಡು ವಾರವಿತ್ತು. ನನ್ನೆದುರು ಸೂರ್ಯನಂಥ ದೀಪ ಹಚ್ಚಿ, ದೂರ ನಿಂತು ಮೀಟರು ಹಿಡಿದಳು.

"ಏನ್ ಸರ್, ಬೆಡ್‌ಲ್ಯಾಂಪ್ ಥರ ಇದೆಯಲ್ಲ?"

"ಆಕ್ಚುಲೀ ಮೇಡಂ, ನಿಮ್ಮ ಮೀಟರ್‌ದೇ ಏನೋ ಪ್ರಾಬ್ಲಮ್" ಎಂದರು ನನ್ನ ಧಣಿ.

ಜುಬೇದಾ ಏಣಿ ಹತ್ತಿ ನೋಡಿದಳು, ಕರವಸ್ತ್ರದಿಂದ ಕುಂಕುಮ ಒರೆಸಿದಳು. ನಾನು ಝಗ್ಗನೆ ಬೆಳಗಿದೆ. ಅವಳ ಮೇಲಧಿಕಾರಿ ಜಯತೀರ್ಥ, ತಾವೇ ದೀಪ ಹಚ್ಚಿದವರಂತೆ ಕೈಯುಜ್ಜಿಕೊಂಡರು.

"ಮುಗೀತಲ್ಲಮ್ಮ. ಪಾಸ್ ಅಂತ ಬರಿ."

"ಇಲ್ಲ ಸರ್. ಹಗಲು ಹೊತ್ತಲ್ಲಿ ಕಣ್ಣು ಮುಚ್ಚಿಹೋದ್ರೆ ಬೋರ್ಡು ಪೂರ್ತಿ ಬೆಳಕಿಗೆ ಹೋಗ್ಬೇಕು, ನಿಯಮದಲ್ಲೇ ಇದೆ. ಇದು ರಾತ್ರಿ ಆಯ್ತು ಅಂತ ಮಲಗ್ತಾ ಇದೆ."

"ರಸ್ತೇಲಿ ಯಾರಮ್ಮ ಕುಂಕುಮ ಇಡ್ತಾರೆ?"

"ಕಾಗೆ ಇಡುತ್ತೆ ಸರ್. ಬಿಳೀದು."

ಧಣಿ ಮೇಲಧಿಕಾರಿಯತ್ತ ನೋಡಿದರು. ಜಯತೀರ್ಥರು ದನಿ ತಗ್ಗಿಸಿದರು. "ನೋಡು, ಇದು ಪಾಸಾದ್ರೆ ನೀನು ಖಾಯಂ. ಇದು ಫೇಲಾದ್ರೆ ನೀನೂ ಫೇಲು. ಮನೇಲಿ ನಿನ್ನ ಸಂಬಳ ನಂಬ್ಕೊಂಡಿದಾರೆ ಅಂತಿದ್ದೆಯಲ್ಲ?"

ಅವಳು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಳು. ಬರೆದುಬಿಡಮ್ಮ, ನಾನೂ ರಸ್ತೆ ನೋಡುತ್ತೇನೆ ಎಂದುಕೊಂಡೆ. ಕೊನೆಗೆ 'ಅನುತ್ತೀರ್ಣ' ಎಂದು ಬರೆದು, ರುಜು ಹಾಕಿ, ಮೊಹರು ಒತ್ತಿಬಿಟ್ಟಳು. ಮೊಹರಿನ ನಂಬರು ಬಿದ್ದ ವರದಿ ನೇರ ಹೆದ್ದಾರಿಯವರ ಕೈಗೆ. ಮಧ್ಯೆ ಯಾರೂ ಹರಿದುಹಾಕುವಂತಿಲ್ಲ. ಮಾರನೆಯ ದಿನ ಅವಳ ಕುರ್ಚಿಯಲ್ಲಿ ಬೇರೆಯವರಿದ್ದರು.

ಸರಿಮಾಡದೆ ಒಂದನ್ನೂ ತೆಗೆದುಕೊಳ್ಳೆವು ಎಂದರು ಹೆದ್ದಾರಿಯವರು. ಧಣಿ ಶಪಿಸುತ್ತಲೇ ನನ್ನ ತಮ್ಮಂದಿರ ತಲೆ ಬಿಚ್ಚಿ ಸರಿಮಾಡಿಸಿ, ಮತ್ತೆ ಪರೀಕ್ಷೆ ಮಾಡಿಸಿ ರಸ್ತೆಗೆ ಕಳಿಸಿದರು. ನಪಾಸಿನ ಮೊಹರು ಬಿದ್ದ ನನ್ನನ್ನು ಮಾತ್ರ ಭಾಮೈದನ ಕಲ್ಯಾಣಮಂಟಪಕ್ಕೆ ತಳ್ಳಿದರು. 'ವಧೂವರರಿಗೆ ಶುಭಾಶಯ' ಎಂದು ಬೆಳಗಿದರೆ ಯಾರೂ ತಲೆಯೆತ್ತುತ್ತಿರಲಿಲ್ಲ. 'ಊಟ ಮೇಲಿನ ಮಹಡಿಯಲ್ಲಿ' ಎಂದರೆ ಸಾಕು, ಕನ್ನಡಕವಿಲ್ಲದ ಅಜ್ಜಂದಿರೂ ಓದಿ ಓಡುತ್ತಿದ್ದರು. ಅಪಘಾತಕ್ಕಿಲ್ಲದ ಅಕ್ಷರಜ್ಞಾನ ಹೋಳಿಗೆಗಿದೆ ನಿಮಗೆ.

ಈಗ ಗುಜರಿಯಲ್ಲಿ ಮಕಾಡೆ ಬಿದ್ದಿದ್ದೇನೆ, ಅರ್ಧ ಕಾಳು ಕಿತ್ತಾಗಿದೆ. ಕೈಮುಗಿದವರೆಲ್ಲ ನನ್ನನ್ನು ಮಾರಲಿಕ್ಕೆಂದೇ ಮುಗಿದರು. ಹಾದುಹೋಗುವ ಒಬ್ಬನಾದರೂ ನನ್ನನ್ನು ಓದಿ, ನಂಬಿ, ಬ್ರೇಕಿನ ಮೇಲೆ ಕಾಲಿಡುತ್ತಾನೆ ಎಂದು ಲೆಕ್ಕಕ್ಕೆ ಹಿಡಿದವಳು, ನನ್ನನ್ನು ನಪಾಸು ಮಾಡಿದವಳು ಮಾತ್ರ.